ಟೈಗರ್ ಮಾತ್ ಬಾಲ್ಸಾ ಕಿಟ್ ರಿವ್ಯೂ: ಮೇ ತಿಂಗಳ ರೆಕ್ಕೆ, ಜುಲೈ ತಿಂಗಳ ರೆಕ್ಕೆ

ಮೊದ್ಲೇ ಹೇಳ್ಬಿಡ್ತೀನಿ, ಬಾಲ್ಸಾ ಅನ್ನೋ ಹಗುರ ಮರದ ತುಂಡು ಜೋಡಿಸಿ ವಿಮಾನದ ಮಾದರಿ ಕಟ್ಟೋ ಈ ಕಿಟ್ ಕೆಟ್ಟದಲ್ಲ. ಐದಕ್ಕೆ ಮೂರೂವರೆ ಕೊಡ್ತೀನಿ. ಕಟ್ ಆಗಿರೋ ಒಂದೂವರೇಲಿ ಅರ್ಧ ಕಂಪನಿದು, ಅರ್ಧ ನಮ್ಮ ತೀರ್ಥಹಳ್ಳಿ ಮಳೇದು, ಉಳಿದ ಅರ್ಧ ಮಳೆಗಾಲ ತಲೆ ಮೇಲಿದೆ ಅಂತ ಗೊತ್ತಿದ್ದೂ ಏಪ್ರಿಲ್ ಕೊನೇಲಿ ಆರ್ಡರ್ ಮಾಡಿದ ನನ್ದು. ಕಂಪನಿ ಹೆಸರು ಹಾಕಲ್ಲ, ಸಣ್ಣ ಕಂಪನಿ, ನಮ್ಮ ದೇಶದ್ದೇ, ಮೂರ್ನಾಲ್ಕು ಜನ ಸೇರಿ ನಡೆಸ್ತಿದಾರೆ, ಜಗಳ ಎಲ್ಲ ಆಗಿ ಈಗ ರಾಜಿ ಆಗಿದೀವಿ, ಮತ್ತೆ ಯಾಕೆ.

ತಗೊಂಡಿದ್ದು ಡಿ ಹ್ಯಾವಿಲ್ಯಾಂಡ್ ಟೈಗರ್ ಮಾತ್, ಅಂದ್ರೆ ಬ್ರಿಟಿಷರ ಹಳೇ ಎರಡು ರೆಕ್ಕೆ ತರಬೇತಿ ವಿಮಾನ, ಆರನೇ ಒಂದರ ಸ್ಕೇಲು. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್, ಅಂದ್ರೆ ನನ್ದು ಹೆಚ್ಚುಕಮ್ಮಿ ಒಂದೂವರೆ ಮೀಟರ್, ಮೂತಿಯಿಂದ ಬಾಲಕ್ಕೆ 1.2 ಮೀಟರ್. ಕಿಟ್‌ಗೆ 13,500, ಕೊರಿಯರ್ 900. ಹಾರಿಸೋಕಲ್ಲ, ಜಗಲೀಲಿ ತೂಗು ಹಾಕೋಕೆ. ಮೋಟಾರು, ಬ್ಯಾಟರಿ ಕೂರಿಸೋ ಜಾಗ ಎಲ್ಲ ಬಿಟ್ಟಿದಾರೆ, ಹಾರಿಸೋ ಆಸೆ ಇರೋರು ಅದನ್ನ ಬೇರೆಯವರ ಹತ್ರ ಕೇಳ್ಕೊಳ್ಳಿ. ಶಿವಮೊಗ್ಗದ ಕಡೆಯವರಾದ್ರೆ 2023ರಲ್ಲಿ ಸೋಗಾನೆ ಏರ್‌ಪೋರ್ಟ್ ಶುರುವಾದ್ಮೇಲೆ ಮನಸ್ಸಿಗೆ ಬಂದಲ್ಲಿ ಹಾರಿಸೋ ಹಾಗಿಲ್ಲ, ಡ್ರೋನಿಗೆ ಅಂತ ಸರ್ಕಾರ ಮಾಡಿರೋ ಡಿಜಿಟಲ್ ಸ್ಕೈ ಮ್ಯಾಪ್ ನೋಡ್ಕೊಂಡೇ ಮುಂದುವರೀಬೇಕು. ನಮ್ಮ ಕಡೆ ಆ ತೊಂದ್ರೆ ಇಲ್ಲ, ನಮ್ಮ ಕಡೆ ನೂರಡಿ ಸಪಾಟು ಜಾಗ ಬೇಕು ಅಂದ್ರೆ ಗದ್ದೆ ಕೊಯ್ಲು ಆಗೋ ತನಕ ಕಾಯ್ಬೇಕು, ಅಷ್ಟೆ.

ನಿಜ ಹೇಳ್ಬೇಕಂದ್ರೆ ನಂಗೆ ಮೊದ್ಲು ಬೇಕಾಗಿದ್ದು ಡಕೋಟಾ, ಎರಡನೇ ಮಹಾಯುದ್ಧ ಕಾಲದ ಸಾಗಾಟದ ವಿಮಾನ. 2018ರಲ್ಲಿ ನಮ್ಮ ವಾಯುಪಡೆಗೆ ಹಳೇ ಡಕೋಟಾ ಒಂದನ್ನ ರಿಪೇರಿ ಮಾಡ್ಸಿ ಕೊಟ್ರಲ್ಲ, ವಿಪಿ 905, ಅದಕ್ಕೆ ಇಟ್ಟಿರೋ ಹೆಸರು ಪರಶುರಾಮ. ಪರಶುರಾಮ ಕೊಡಲಿ ರಕ್ತ ತೊಳ್ಕೊಂಡಿದ್ದು ನಮ್ಮ ತುಂಗೇಲಿ ಅಂತ ಚಿಕ್ಕಂದಿನಿಂದ ಕೇಳ್ಕೊಂಡು, ಎಳ್ಳಮಾವಾಸ್ಯೆ ಜಾತ್ರೇಲಿ ಅಲ್ಲೇ ಮುಳುಗು ಹಾಕಿದವನಿಗೆ ಆ ಹೆಸರು ಕೇಳಿ ಸುಮ್ನಿರೋಕಾಗತ್ತಾ. ಆದ್ರೆ ಡಕೋಟಾ ರೆಕ್ಕೆ 29 ಮೀಟರ್ ಹತ್ರ ಇದೆ, ಇದೇ ಸ್ಕೇಲಲ್ಲಿ ಮಾಡಿದ್ರೆ ಐದು ಮೀಟರ್‌ಗೆ ಒಂಚೂರು ಕಮ್ಮಿ, ಅಪ್ಪಯ್ಯ ಟೇಪ್ ಹಿಡಿದು ಜಗಲಿ ಅಳೆದು "ಒಂದು ರೆಕ್ಕೆ ಕೊಟ್ಟಿಗೇಲಿ ಇಡು" ಅಂದ್ರು. ಎರಡನೇ ಆಸೆ ಎಚ್‌ಟಿ-2. ಬೆಂಗಳೂರಲ್ಲಿ ಎಚ್‌ಎಎಲ್ ಮಾಡಿದ್ದು, ಡಾಕ್ಟರ್ ಘಾಟಗೆ ಡಿಸೈನು, 1951ರ ಆಗಸ್ಟಲ್ಲಿ ಮೊದ್ಲು ಹಾರಿದ್ದು, ನಮ್ಮದೇ ತರಬೇತಿ ವಿಮಾನ. ಅದರ ಕಿಟ್ ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ, ಎಚ್‌ಟಿ-2 ಬರೋ ಮುಂಚೆ ನಮ್ಮ ಪೈಲಟ್‌ಗಳು ಕಲಿತಿದ್ದು ಯಾವುದರಲ್ಲಿ, ಟೈಗರ್ ಮಾತಲ್ಲಿ, ಸರಿ ಅದೇ ಇರ್ಲಿ ಅಂತ.

ಬಾಕ್ಸು ಬಂದಿದ್ದು ಮೇ ಎರಡನೇ ವಾರ. ಒಂದು ಮೂಲೆ ಜಜ್ಜಿ ಹೋಗಿತ್ತು, ಒಳಗಡೆ ಸಾಮಾನು ಬಚಾವ್. ತೆಗೆದಾಗ ಖುಷಿ ಆಯ್ತು ಮಾರಾಯ್ರೆ, ಸುಳ್ಳು ಹೇಳಲ್ಲ. ಲೇಸರ್ ಕಟಿಂಗ್ ಬಹಳ ಕ್ಲೀನ್, ಒಂದೊಂದು ಪೀಸೂ ಹಪ್ಪಳ ಮುರಿದ ಹಾಗೆ ಟಕ್ ಅಂತ ಹಾಳೆಯಿಂದ ಬಿಡತ್ತೆ, ಅಂಚು ಮಾತ್ರ ಸ್ವಲ್ಪ ಸೀದಿರತ್ತೆ, ಮರಳು ಕಾಗದದಲ್ಲಿ ಎರಡು ಸಲ ಉಜ್ಜಿದ್ರೆ ಹೋಗತ್ತೆ. ಮರ ಆರಿಸಿದ್ದು ಕೂಡ ತಿಳ್ಕೊಂಡು ಆರಿಸಿದಾರೆ, ಭಾರ ತಡಿಯೋ ಜಾಗಕ್ಕೆ ಗಟ್ಟಿ ಬಾಲ್ಸಾ, ಬಾಲದ ಕಡೆಗೆ ಹೂವಿನ ಹಾಗೆ ಹಗುರದ್ದು, ಬಾಲ ಭಾರ ಆದ್ರೆ ವಿಮಾನ ಹಿಂದಕ್ಕೆ ಕೂರತ್ತೆ ಅನ್ನೋದು ಗೊತ್ತಿರೋರೇ ಹಾಕಿರೋದು. ನಮ್ಮನೆ ಬಾಗಿಲು ಕೆಲ್ಸ ಮಾಡಿದ ಆಚಾರ್ರು ಬಂದಿದ್ರು, ಒಂದು ಹಾಳೆ ಕೈಯಲ್ಲಿ ತೂಗಿ ನೋಡಿ, ಉಗುರಲ್ಲಿ ಗೀರಿ, "ಇದು ನಮ್ಮ ಬೂರುಗದ ಸಂಬಂಧಿ ಇರ್ಬೇಕು ಕಣ್ರಿ" ಅಂದ್ರು. ನಾನು ನಕ್ಕೆ. ಆಮೇಲೆ ನೋಡಿದ್ರೆ ಹೌದು, ಬಾಲ್ಸಾ ದಕ್ಷಿಣ ಅಮೆರಿಕದ ಮರ ಆದ್ರೂ ನಮ್ಮ ಬೂರುಗದ ಕುಟುಂಬದ್ದೇ. ಬೆಂಕಿಪೊಟ್ಟಣದ ಕಡ್ಡಿಗೆ ಹೋಗೋ ಮರದ ನೆಂಟ ವಿಮಾನಕ್ಕೆ ಹೋಗಿದೆ.

ಡಿಸೈನ್ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಇದ್ರಲ್ಲಿ ಕಂಪನಿಯವರು ಫುಲ್ ಮಾರ್ಕ್ಸ್. ಟೈಗರ್ ಮಾತ್ ಮೇಲಿನ ರೆಕ್ಕೆ ನೋಡಿದ್ರೆ ಅದು ಕೆಳಗಿನ ರೆಕ್ಕೆಗಿಂತ ಮುಂದಕ್ಕೆ ಹೋಗಿರತ್ತೆ, ಮತ್ತೆ ತುದಿಗಳು ಹಿಂದಕ್ಕೆ ಬಾಗಿರತ್ತೆ. ಅದು ಚಂದಕ್ಕಲ್ಲ. ಮೊದ್ಲಿನ ಮಾತ್ ವಿಮಾನಗಳಲ್ಲಿ ಮುಂದಿನ ಸೀಟಿನ ಮೇಲೇ ರೆಕ್ಕೆ ಬರ್ತಿತ್ತು, ಕಲಿಸೋ ಮೇಷ್ಟ್ರು ಕೂರೋದು ಆ ಸೀಟಲ್ಲೇ, ಬೆನ್ನಿಗೆ ಪ್ಯಾರಾಚೂಟ್ ಕಟ್ಕೊಂಡು ಎಮರ್ಜೆನ್ಸೀಲಿ ಹೊರಗೆ ಹಾರೋಕೇ ಕಷ್ಟ. ಅದಕ್ಕೆ ಮಧ್ಯದ ಭಾಗ ಮುಂದಕ್ಕೆ ತಳ್ಳಿದ್ರು, ತಳ್ಳಿದ್ಮೇಲೆ ಎತ್ತೋ ಬಲನೂ ಮುಂದಕ್ಕೆ ಹೋಯ್ತಲ್ಲ, ಅದನ್ನ ಸರಿ ಮಾಡೋಕೆ ತುದಿಗಳನ್ನ ಹಿಂದಕ್ಕೆ ಬಾಗಿಸಿದ್ರು. 1931ರಲ್ಲಿ ಮೊದ್ಲ ಹಾರಾಟ, ಆಮೇಲೆ ಎಂಟು ಸಾವಿರಕ್ಕೂ ಮೇಲೆ ಕಟ್ಟಿದಾರೆ. ನಾನು ನೋಡಿದ ಅಗ್ಗದ ಕಿಟ್‌ಗಳಲ್ಲಿ ಈ ಬಾಗು ಬಿಟ್ಟು ಎರಡೂ ರೆಕ್ಕೆ ನೆಟ್ಟಗೆ ಮಾಡಿರ್ತಾರೆ, ಅದು ಯಾವ್ದೋ ಎರಡು ರೆಕ್ಕೆ ವಿಮಾನ ಆಗತ್ತೆ, ಟೈಗರ್ ಮಾತ್ ಆಗಲ್ಲ. ಇವರು ಬಾಗಿನ ಅಳತೆಗೆ ಒಂದು ಪ್ಲೈವುಡ್ ಜಿಗ್ಗನ್ನೇ, ಅಂದ್ರೆ ಹಿಡಿದಿಡೋ ಅಚ್ಚನ್ನೇ ಕೊಟ್ಟಿದಾರೆ, ಅದರೊಳಗೆ ಕೂರಿಸಿದ್ರೆ ತಪ್ಪೋದೇ ಇಲ್ಲ. ಬಾಲ ಊರೋಕೆ ಚಕ್ರದ ಬದ್ಲು ಸ್ಕಿಡ್ಡು, ವಿಮಾನನ ಎಡಬಲಕ್ಕೆ ವಾಲಿಸೋ ಏಲೆರಾನ್ ಕೆಳಗಿನ ರೆಕ್ಕೇಲಿ ಮಾತ್ರ, ಪೆಟ್ರೋಲ್ ಟ್ಯಾಂಕು ಮೇಲಿನ ರೆಕ್ಕೆ ನಡುವೆ, ಎಲ್ಲ ಸರಿಯಾಗಿ ಬಂದಿದೆ. ಮೇಲಿನ ರೆಕ್ಕೆ ಮುಂಗಡೆ ತಾನಾಗೇ ತೆರ್ಕೊಳ್ಳೋ ಸ್ಲ್ಯಾಟ್ ಅನ್ನೋ ಉದ್ದ ಪಟ್ಟಿ ಇರತ್ತೆ ಅಸಲೀಲಿ, ಇದ್ರಲ್ಲಿ ಸುಮ್ನೆ ಒಂದು ಪಟ್ಟಿ ಅಂಟಿಸೋದು. ಈ ದುಡ್ಡಿಗೆ ಪರ್ವಾಗಿಲ್ಲ.

ಈಗ ಕಥೆಗೆ ಬರ್ತೀನಿ. ಮೇನಲ್ಲಿ ಮೇಲಿನ ಎಡ ರೆಕ್ಕೆ ಕಟ್ಟಿದೆ. ಕಟ್ಟೋ ವಿಧಾನ ಗೊತ್ತಿಲ್ದೋರಿಗೆ: ಒಂದಕ್ಕೊಂದು ಅಳತೇಲಿ ಪ್ಲ್ಯಾನ್ ಶೀಟ್ ಕೊಡ್ತಾರೆ, ಅದನ್ನ ಸಪಾಟು ಹಲಗೆ ಮೇಲೆ ಹರಡಿ, ಮೇಲೊಂದು ಪ್ಲಾಸ್ಟಿಕ್ ಹಾಕಿ, ಗೆರೆ ಮೇಲೇ ಉದ್ದ ಪಟ್ಟಿ ಇಟ್ಟು ಗುಂಡುಪಿನ್ ಚುಚ್ಚಿ, ಗುರುತು ಇರೋ ಕಡೆ ಒಂದೊಂದೇ ರಿಬ್ಬು, ಅಂದ್ರೆ ರೆಕ್ಕೆಗೆ ಆಕಾರ ಕೊಡೋ ಪಕ್ಕೆಲುಬು, ನಿಲ್ಸಿ ಅಂಟಿಸ್ತಾ ಹೋಗೋದು. ಹಲಗೆಗೆ ಮನೇಲಿ ಉಳಿದಿದ್ದ ಫ್ಲಶ್ ಡೋರು, ಅಂಟಿಗೆ ಫೆವಿಕಾಲ್, ಹಿಡಿದಿಡೋಕೆ ಅಮ್ಮನ ಬಟ್ಟೆ ಕ್ಲಿಪ್ಪು. ನಾಲ್ಕು ಸಂಜೇಲಿ ರೆಕ್ಕೆ ರೆಡಿ, ಎತ್ತಿದ್ರೆ ಗಾಳಿ ಎತ್ತಿದ ಹಾಗೆ. ಅಷ್ಟೊತ್ತಿಗೆ ತೋಟದ ಕೆಲ್ಸ ಶುರುವಾಯ್ತು, ಜೂನಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡ್ಸೋ ಗಲಾಟೆ, ಮಳೆ ಬಿಟ್ಟ ಒಂದೊಂದು ಗಂಟೆಗೂ ಕಾದು ಕೂರೋದು, ವಿಮಾನ ಅಟ್ಟ ಸೇರ್ತು. ಮತ್ತೆ ಕೈ ಹಾಕಿದ್ದು ಪುನರ್ವಸು ಮಳೇಲಿ. ಬಲ ರೆಕ್ಕೆ ಕಟ್ಟಿದೆ, ಅದೇ ಹಲಗೆ, ಅದೇ ಪ್ಲ್ಯಾನು, ಅದೇ ಕೈ. ಎರಡೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಬಲಗಡೇದು 4 ಮಿಲಿಮೀಟರ್ ಉದ್ದ.

ತಲೆ ಕೆಟ್ಟೋಯ್ತು. ಮೊದ್ಲು ಕಂಪನಿಗೆ ಬೈದೆ, ವಾಟ್ಸಾಪಲ್ಲಿ ಫೋಟೋ ಕಳ್ಸಿ ನಿಮ್ಮ ಕಟಿಂಗ್ ಸರಿ ಇಲ್ಲ ಅಂದೆ. ಅವರು ತಮ್ಮ ಹತ್ರ ಇದ್ದಿದ್ದನ್ನ ಅಳೆದು ಎರಡೂ ಒಂದೇ ಇದೆ ಸಾರ್ ಅಂದ್ರು. ಮರ ಊದಿರ್ಬೇಕು ಅಂತ ನಾನು. ಅದನ್ನ ಆಚಾರ್ರು ಒಪ್ಪಲಿಲ್ಲ, ಮರ ಮಳೆಗಾಲದಲ್ಲಿ ಅಗಲಕ್ಕೆ ಊದತ್ತೆ, ಅದಕ್ಕೇ ಬಾಗಿಲು ಹಿಡ್ಕೊಳ್ಳೋದು, ಉದ್ದಕ್ಕೆ ಬೆಳೆದ ಮರ ಇಲ್ಲೀತನಕ ನೋಡಿಲ್ಲ ಅಂತ. ಮತ್ತೆ ಎಂತದು? ಸ್ಟೀಲ್ ಸ್ಕೇಲ್ ತಗೊಂಡು ಪ್ಲ್ಯಾನ್ ಶೀಟನ್ನೇ ಅಳೆದೆ ನೋಡಿ, ಅಲ್ಲಿ ಸಿಕ್ತು. ಬೆಳೆದಿದ್ದು ಪೇಪರ್ರು! 65 ಸೆಂಟಿಮೀಟರ್ ಅಂತ ಬರೆದಿರೋ ಗೆರೆ ನಿಜವಾಗ್ಲೂ 65.4 ಇದೆ. ಒಂದು ತಿಂಗ್ಳು ಹಲಗೆ ಮೇಲೆ ತೇವ ಕುಡಿದು ಹಿಗ್ಗಿದೆ, ನಾನು ಹಿಗ್ಗಿದ ಗುರುತಿನ ಮೇಲೆ ಪ್ರಾಮಾಣಿಕವಾಗಿ ರಿಬ್ಬು ನಿಲ್ಸಿದೀನಿ. ಒಂದು ತೇವ ಅಳೆಯೋ ಮೀಟರ್ 350 ರೂಪಾಯಿದು ತರಿಸಿ ಕೋಣೇಲಿಟ್ರೆ ಜುಲೈ ಪೂರ್ತಿ 88ರಿಂದ 94 ಪರ್ಸೆಂಟ್ ಮಧ್ಯ ಓಡಾಡ್ತಿತ್ತು. ಗಾಳೀಲಿ 90 ಪರ್ಸೆಂಟ್ ತೇವ ಇದ್ರೆ ಮರ ಕೂಡ ತನ್ನ ಒಣತೂಕದ ಐದನೇ ಒಂದು ಪಾಲಷ್ಟು ನೀರು ಇಟ್ಕೊಂಡಿರತ್ತೆ, ಹೂವಿನ ಹಾಗೆ ಇದ್ದ ಬಾಲದ ಮರ ಒದ್ದೆ ರಟ್ಟಿನ ಹಾಗಾಗಿತ್ತು.

ಇದಕ್ಕೆ ಕಂಪನಿಯವರನ್ನ ಬೈಬಹುದಾ? ಸ್ವಲ್ಪ ಬೈಬಹುದು. ಬುಕ್ಲೆಟ್ಟಲ್ಲಿ 42 ಪೇಜ್ ಇದೆ, ಒಳ್ಳೊಳ್ಳೆ ಫೋಟೋ ಇದೆ, ಪ್ಲ್ಯಾನ್ ಶೀಟಿಗೆ ತೇವ ತಾಗಿಸ್ಬೇಡಿ, ಕಟ್ಟೋ ಮುಂಚೆ ಸ್ಕೇಲ್ ಇಟ್ಟು ಚೆಕ್ ಮಾಡಿ ಅಂತ ಒಂದು ಸಾಲು ಇಲ್ಲ. ಒಣ ಊರಲ್ಲಿ ಕೂತು ಬರೆದಿದ್ದು ಅಂತ ಪ್ರತಿ ಪೇಜಲ್ಲೂ ಗೊತ್ತಾಗತ್ತೆ. "ಅಂಟು ಒಣಗಲು ಎರಡು ಗಂಟೆ ಬಿಡಿ" ಅಂತೆ. ಪುಷ್ಯ ಮಳೇಲಿ ನಮ್ಮನೇಲಿ ಬನೀನು ಒಣಗೋಕೆ ನಾಲ್ಕು ದಿನ ಬೇಕು ಸ್ವಾಮಿ.

ಕೆಳಗಿನ ಎರಡು ರೆಕ್ಕೆಗೆ ನಾನು ಮಾಡಿದ ಉಪಾಯ ಹೇಳ್ತೀನಿ, ಇದನ್ನ ಯಾರಾದ್ರೂ ಫಾಲೋ ಮಾಡ್ಬಹುದು. ಕಂಪನಿಯವರ ಹತ್ರ ಪ್ಲ್ಯಾನಿನ ಪಿಡಿಎಫ್ ಕೇಳಿ ತರಿಸ್ಕೊಂಡೆ, ಕೇಳಿದ ಅರ್ಧ ಗಂಟೇಲಿ ಕಳ್ಸಿದ್ರು, ಅದನ್ನ ಶಿವಮೊಗ್ಗದಲ್ಲಿ ಬ್ಯಾನರ್ ಹಾಕೋ ಅಂಗಡಿಗೆ ತಗೊಂಡು ಹೋಗಿ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕ್ಸಿದೆ. ಅಂಗಡಿ ಹುಡುಗ ಸ್ಕ್ರೀನ್ ನೋಡಿ "ಅಣ್ಣ, ಫೋಟೋ ಯಾರ್ದು ಹಾಕ್ಲಿ, ಹುಟ್ಟುಹಬ್ಬಕ್ಕಾ, ಭಾವಪೂರ್ಣ ಶ್ರದ್ಧಾಂಜಲಿಗಾ" ಅಂದ. ಫ್ಲೆಕ್ಸು ನೀರು ಕುಡಿಯಲ್ಲ, ಅಳತೆ ಹಾಗೇ ನಿಂತ್ಕೊಂಡ್ತು, ಗುಂಡುಪಿನ್ ಚುಚ್ಚಿದ್ರೂ ಹರಿಯಲ್ಲ, ಫೆವಿಕಾಲ್ ಬಿದ್ರೆ ಒರೆಸಿ ತೆಗೀಬಹುದು. ಪ್ರಿಂಟ್ ಆದ್ಮೇಲೆ ಸ್ಕೇಲ್ ಇಟ್ಟು ಒಂದ್ಸಲ ಅಳೆದು ತಗೊಳ್ಳಿ, ಮೊದ್ಲನೇದನ್ನ ಅವನು ಮೆಷಿನ್ ಅಗಲಕ್ಕೆ ಫಿಟ್ ಮಾಡಿ ಬಿಟ್ಟಿದ್ದ, ಸುಮ್ನೆ ಜಗಳ ಆಯ್ತು.

ಒಣಗ್ಸೋಕೆ ಚಿಕ್ಕಪ್ಪನ ಅಡಿಕೆ ಡ್ರೈಯರ್. ಜುಲೈಲಿ ಅದು ಖಾಲಿ ಇರತ್ತೆ, ಅಡಿಕೆ ಗೊನೆ ಕೊಯ್ಲು ಶುರುವಾಗೋದು ದಸರಾ ಹತ್ರ. ಚಿಕ್ಕಪ್ಪ ಸೌದೆ ಹಾಕ್ತಾ "ಊರೋರು ಕೇಳಿದ್ರೆ ಬಾಳೆಕಾಯಿ ಒಣಗಿಸ್ತಿದೀವಿ ಅನ್ನು" ಅಂದ್ರು. ಸಣ್ಣ ಬೆಂಕಿ, ರೆಕ್ಕೆಗಳ ಮೇಲೆ ಟೈಲ್ಸ್ ತುಂಡು ಭಾರ ಇಟ್ಟು ಒಂದು ರಾತ್ರಿ ಬಿಟ್ಟೆ, ಸೊಟ್ಟ ಆಗಿದ್ದೆಲ್ಲ ನೆಟ್ಟಗಾಗಿ ಬಂತು, ಮರ ಮತ್ತೆ ಟಣ್ ಅನ್ನೋಕೆ ಶುರುವಾಯ್ತು. ಇದು ಬರೀ ಮರಕ್ಕೆ ಮಾತ್ರ, ಡೋಪ್ ಬಳಿದಿದ್ದನ್ನ ಬೆಂಕಿ ಹತ್ರ ತಗೊಂಡು ಹೋಗ್ಬೇಡಿ, ಡ್ರೈಯರ್ ಜೊತೆ ನೀವೂ ಹೋಗ್ತೀರ.

ಡೋಪ್ ಅಂದ್ರೆ ಏನು ಅಂತ ಹೇಳ್ಬೇಕು. ಆ ಕಾಲದ ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿ ಅದರ ಮೇಲೆ ಬಳೀತಿದ್ದ ಮೆರುಗೆಣ್ಣೆ ತರದ್ದು, ಒಣಗ್ತಾ ಬಟ್ಟೆನ ಮೃದಂಗದ ಚರ್ಮದ ಹಾಗೆ ಬಿಗಿ ಮಾಡತ್ತೆ. ಕಿಟ್ಟಲ್ಲಿ ತೆಳು ಟಿಶ್ಯೂ ಪೇಪರು, ಎರಡು ಬಾಟ್ಲಿ ಡೋಪು ಇರತ್ತೆ. ವಾಸನೆ ಘಾಟು, ಅಜ್ಜಿ ಎರಡು ದಿನ ನನ್ನ ಕೋಣೆ ಕಡೆ ಬರ್ಲಿಲ್ಲ. ಆಗಸ್ಟಲ್ಲಿ ಒಂದು ಮಧ್ಯಾಹ್ನ ಬಿಸಿಲು ಬಂತು ಅಂತ ದುರಾಸೆ ಪಟ್ಟು ಮೇಲಿನ ರೆಕ್ಕೆಗೆ ಬಳಿದೆ, ಅರ್ಧ ಗಂಟೇಲಿ ಮೋಡ ಕವೀತು, ರೆಕ್ಕೆ ಪೂರ್ತಿ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗಿ ಹೋಯ್ತು. ಅಳೋದೊಂದು ಬಾಕಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಲ್ಲಿ ಕಾರಿಗೆ ಪೇಂಟ್ ಹೊಡಿಯೋ ಒಬ್ರಿಗೆ ತೋರಿಸಿದ್ರೆ ನೋಡಿದ ತಕ್ಷಣ "ಇದು ಎನ್‌ಸಿ ಅಲ್ವಾ, ಮಳೇಲಿ ಹೊಡೆದಿದೀರ" ಅಂದ್ರು. ಎನ್‌ಸಿ ಅಂದ್ರೆ ನೈಟ್ರೋಸೆಲ್ಯುಲೋಸ್, ಈ ಡೋಪಿನ ತರದ್ದೇ ಪೇಂಟು. ಥಿನ್ನರ್ ಹಾರಿ ಹೋಗ್ತಾ ಮೇಲ್ಮೈ ತಣ್ಣಗಾಗತ್ತೆ, ಗಾಳೀಲಿರೋ ನೀರು ಅಲ್ಲೇ ಕೂರತ್ತೆ, ಹಾಲಿನ ಬಣ್ಣ ಬರತ್ತೆ. ಅದಕ್ಕೆ ರಿಟಾರ್ಡರ್ ಥಿನ್ನರ್ ಅಂತ ನಿಧಾನ ಹಾರೋದು ಸಿಗತ್ತೆ, ಒಣ ಹವೆ ಇರೋ ದಿನ ಅದನ್ನ ತೆಳ್ಳಗೆ ಮೇಲಿಂದ ಬಳೀರಿ, ಒಳಗಿರೋ ನೀರು ಹೊರಗೆ ಹೋಗತ್ತೆ ಅಂದ್ರು. ದೀಪಾವಳಿ ಆದ್ಮೇಲೆ ಒಂದು ಚಳಿ ಬಿಸಿಲಿನ ಬೆಳಗ್ಗೆ ಹಾಗೇ ಮಾಡ್ದೆ, ನನ್ನ ಕಣ್ಣೆದುರೇ ಬಿಳಿ ಕರಗಿ ಹೋಯ್ತು. 13,500 ಕೊಟ್ಟು ತಗೊಂಡ ಪುಸ್ತಕದಲ್ಲಿ ಇಲ್ದಿರೋ ಮಾತು ಅಲ್ಲಿ ಚಾ ಖರ್ಚಲ್ಲಿ ಸಿಕ್ತು.

ಕಿಟ್ಟಿನ ನಿಜವಾದ ತಪ್ಪು ಅಂದ್ರೆ ಮೂರು. ಡಬ್ಲ್ಯೂ 7 ಅನ್ನೋ ರಿಬ್ಬು ಎರಡು ಇರ್ಲೇ ಇಲ್ಲ. ಹೇಳಿದ್ಮೇಲೆ ಕಳ್ಸಿದ್ರು, ಬಂದಿದ್ದು 18 ದಿನಕ್ಕೆ, ಅಷ್ಟರಲ್ಲಿ ನಾನು ಪಕ್ಕದ ರಿಬ್ಬನ್ನ ಅಚ್ಚು ಹಾಕಿ ಕೊಯ್ದು ಅಂಟಿಸಿ ಆಗಿತ್ತು. ಎಂಜಿನ್ ಮುಚ್ಚೋ ಪ್ಲಾಸ್ಟಿಕ್ ಕೌಲಿಂಗ್ ತೀರಾ ತೆಳು, ಕತ್ತರಿಸೋವಾಗ್ಲೇ ಸೀಳು ಬಿಡ್ತು, ಒಳಗಿಂದ ಬಟ್ಟೆ ಪಟ್ಟಿ ಎಪಾಕ್ಸೀಲಿ ಅಂಟಿಸ್ಬೇಕಾಯ್ತು. ಟೈಗರ್ ಮಾತಿನ ಮೂತೀನೇ ಅದರ ಗುರುತು, ಎಂಜಿನ್ ತಲೆಕೆಳಗು ಕೂತಿರತ್ತಲ್ಲ, ಪೈಲಟ್‌ಗೆ ಮುಂದೆ ಕಾಣ್ಲಿ ಅಂತ, ಅದಕ್ಕೇ ಮೂತಿ ಹಾಗೆ ಕೆಳಕ್ಕೆ ಇಳಿದಿರೋದು, ಅಲ್ಲೇ ಚೌಕಾಸಿ ಮಾಡಿದ್ರೆ ಹೇಗೆ. ಮೂರನೇದು ಮೇಲಿನ ರೆಕ್ಕೆ ಹೊರೋ ತಂತಿ, ಬಾಗಿಸದೆ ನೆಟ್ಟಗಿನ ತುಂಡು ಕೊಟ್ಟಿದಾರೆ, ಸ್ಪ್ರಿಂಗ್ ಸ್ಟೀಲು ಬೇರೆ, ಇಕ್ಕಳದಲ್ಲಿ ಬಾಗಿಸಿ ಬಾಗಿಸಿ ಕೈ ಬೊಬ್ಬೆ ಬಂತು, ಕೊನೆಗೆ ಸೈಕಲ್ ಶಾಪಿಂದ ಸ್ಪೋಕ್ ತಂದು ಹಾಕ್ದೆ. ತೂಗು ಹಾಕೋಕೆ ಸಾಕು, ಹಾರಿಸೋರು ಹಾಗೆ ಮಾಡ್ಬೇಡಿ. ರೆಕ್ಕೆಗಳ ನಡುವಿನ ಅಡ್ಡ ತಂತಿಗೆ ಎಲಾಸ್ಟಿಕ್ ಕೊಟ್ಟಿದ್ರು, ಎರಡು ವಾರಕ್ಕೆ ಜೋತು ಬಿತ್ತು, ಅಲ್ಲಿಗೆ ಗಾಳದ ನೈಲಾನ್ ದಾರ ಕಟ್ಟಿದೀನಿ, ಬೆಳ್ಳಿ ಬಣ್ಣ ಬಳಿದ್ರೆ ಯಾರಿಗೂ ಗೊತ್ತಾಗಲ್ಲ.

ಸ್ಟಿಕರ್ ವಿಷ್ಯ ಬೇರೆ ಕಥೆ. ಕಿಟ್ಟಲ್ಲಿ ಬ್ರಿಟಿಷ್ ವಾಯುಪಡೆ ಕೆಂಪು ಬಿಳಿ ನೀಲಿ ಚಕ್ರ ಕೊಟ್ಟಿದಾರೆ, ಭಾರತದ ಕಂಪನಿ ಭಾರತದ ಗಿರಾಕಿಗೆ ಇದನ್ನ ಯಾಕೆ ಕೊಡತ್ತೋ. ನಂಗೆ ನಮ್ಮ ವಾಯುಪಡೇದೇ ಬೇಕು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬೈಕಿಗೆ ರೇಡಿಯಂ ಕತ್ತರಿಸೋ ಅಂಗಡೀಲಿ ಹೇಳಿದ್ರೆ ಅವರು ಒಳಗೆ ಕೇಸರಿ ಹೊರಗೆ ಹಸಿರು ಮಾಡಿ ಕೊಟ್ರು, ಇದು ಉಲ್ಟಾ ಅಂದ್ರೆ "ಯಾವ ಕಡೆಯಿಂದ ನೋಡ್ತಿದೀರ ಅನ್ನೋದ್ರ ಮೇಲೆ" ಅಂದ್ರು. ದುಂಡಗಿನ ಸ್ಟಿಕರ್ ಮಾರಾಯ್ರೆ! ಎರಡನೇ ಸಲ ಸರಿ ಮಾಡಿ ಕೊಟ್ರು, ಪೂರ್ತಿ ಸೆಟ್ಟಿಗೆ 240 ರೂಪಾಯಿ, ಅಂಚು ಇವತ್ತಿಗೂ ಎದ್ದಿಲ್ಲ.

ಆ 4 ಮಿಲಿಮೀಟರ್ ಏನಾಯ್ತು ಅಂತ ಕೇಳ್ಬಹುದು. ಜುಲೈ ರೆಕ್ಕೆ ತುದೀಲಿ 4 ಮಿಲಿ ಉಜ್ಜಿ ತೆಗೆದೆ, ಹೊರಗಿಂದ ಸಮ. ಒಳಗೆ ರಿಬ್ಬುಗಳ ಅಂತರ ಮಾತ್ರ ಹಾಗೇ ಇದೆ, ಟಿಶ್ಯೂ ತೆಳು ಇರೋದ್ರಿಂದ ಬೆಳಕಿಗೆ ಹಿಡಿದ್ರೆ ಕಾಣತ್ತೆ. ಜಗಲಿ ತೊಲೆಗೆ ಕಟ್ಟಿದೀನಿ, ಬೆಳಗ್ಗೆ ಅಂಗಳದ ಬಿಸಿಲು ಕೆಳಗಿಂದ ಹೊಡೆದಾಗ ಎಡದಲ್ಲಿ ರಿಬ್ಬು ಒತ್ತೊತ್ತಾಗಿ ಬಲದಲ್ಲಿ ಕೂದ್ಲೆಳೆ ಅಗಲವಾಗಿ. ನಂಗೆ ಮಾತ್ರ ಕಾಣೋದು ಅನ್ಕೊಂಡಿದ್ದೆ, ಆಚಾರ್ರು ಬಂದವರು ಕುತ್ತಿಗೆ ಎತ್ತಿ ಒಂದು ನಿಮಿಷ ನೋಡಿ "ಬಲಗಡೇದು ಮಳೇಲಿ ಮಾಡಿದ್ದಲ್ವಾ" ಅಂದ್ರು.

ಕಂಪನಿಯವರಿಗೆ ಇದೆಲ್ಲ ಬರೆದು ಕಳ್ಸಿದೆ, ಪೇಪರ್ ವಿಷ್ಯ, ಡೋಪ್ ವಿಷ್ಯ, ಕೌಲಿಂಗ್ ವಿಷ್ಯ. ಮುಂದಿನ ಬ್ಯಾಚಲ್ಲಿ ಪ್ಲ್ಯಾನಿನ ಮೇಲೆ ಚೆಕ್ ಮಾಡೋಕೆ ಒಂದು ಸ್ಕೇಲ್ ಗೆರೆ ಹಾಕ್ತೀವಿ ಅಂದಿದಾರೆ, ಕೌಲಿಂಗ್ ಬಗ್ಗೆ ಮೌನ. ಮುಂದೆ ಯಾವ ವಿಮಾನ ಮಾಡ್ಲಿ ಸಾರ್ ಅಂತನೂ ಕೇಳಿದ್ರು. ಎಚ್‌ಟಿ-2 ಮಾಡಿ, ಅಡ್ವಾನ್ಸ್ ಈಗ್ಲೇ ಹಾಕ್ತೀನಿ, ಡೆಲಿವರಿ ಮಾತ್ರ ನವೆಂಬರ್ ಕಳೆದ್ಮೇಲೆ ಕೊಡಿ ಅಂದೆ.